ಹಳೇ ಜೀಪಿನ ಫೋರ್ ವೀಲ್ ಎಳೆಯದಿದ್ದರೆ

ಮಲೆನಾಡಿನ ಹೊಸನಗರದಲ್ಲಿ ಕೊಳ್ಳಲು ನೋಡಿದ ಹಳೇ ಜೀಪು ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಹಾಕಿದರೂ ಮುಂದಿನ ಚಕ್ರ ಎಳೆಯುತ್ತಿಲ್ಲ ಅಂತ ಕೇಳಿದ್ದೀರಿ. ಬಹುಶಃ ಮುಂದಿನ ಚಕ್ರದ ಕಡೆಗೆ ಬಲ ಒಯ್ಯುವ ಉದ್ದ ಸರಳು, ಅಂದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಟ್ಟಿದ್ದಾರೆ. ಇಲ್ಲವೇ ಮುಂದಿನ ಚಕ್ರದ ನಡುವಿನ ಹಬ್ ಲಾಕ್ ಆಗಿಲ್ಲ, ಅಂದರೆ ಚಕ್ರ ಆಕ್ಸಲ್ ಜೊತೆ ಕೂಡಿಲ್ಲ. ಮೊದಲು ಅಡಿಗೆ ಬಗ್ಗಿ ಶಾಫ್ಟ್ ಇದೆಯಾ ನೋಡಿ. ಹಬ್‌ನಲ್ಲಿ ತಿರುಗಿಸುವ ಗುಂಡಿ ಇದ್ದರೆ ಎರಡೂ ಕಡೆ ಲಾಕ್ ಮಾಡಿ, ಮಣ್ಣಿನ ರಸ್ತೆಯಲ್ಲೇ ಓಡಿಸಿ. ಆಗಲೂ ಎಳೆಯದಿದ್ದರೆ ತೊಂದರೆ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಒಳಗಿರಬಹುದು, ಬಿಚ್ಚದೆ ಹೇಳೋದು ಕಷ್ಟ.

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಚಾಸಿಯದ್ದು, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನದ್ದು. ಹೊಸನಗರದ ಮಳೆ ಕಂಡ ಗಾಡಿ ಅಲ್ವಾ? ಹೊಸ ಬಣ್ಣ ನೋಡಿ ಸುಮ್ನೆ ಮರುಳಾಗಬೇಡಿ. ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಕೂರುವ ಜಾಗದಲ್ಲಿ ಸ್ಪ್ಯಾನರ್‌ನಿಂದ ತಟ್ಟಿ. ಟಣ್ ಅಂದರೆ ಗಟ್ಟಿ. ದಬ್ ಅಂದು ತುಕ್ಕಿನ ಪುಡಿ ಉದುರಿದರೆ ಬಿಟ್ಟುಬಿಡಿ. 15 ವರ್ಷ ದಾಟಿದ್ದರೆ ಆರ್‌ಸಿ ರಿನ್ಯೂ ಆಗಿದೆಯಾ ನೋಡಿಯೇ ಅಡ್ವಾನ್ಸ್ ಕೊಡಿ.