ಹೆಸರು ಒಂದೇ, ಕಾರ್ಡ್ ಬೇರೆ

ಪ್ರಶ್ನೆ: ಮಗ ಮೊದಲ ಪಿಯುಸಿ. ಆಫೀಸಿನಲ್ಲಿ ಬಳಸಿದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಡಿಸಿದ್ದೆ. ಐ5 ಆರನೇ ಜನರೇಷನ್, 8 ಜಿಬಿ ರ‍್ಯಾಮ್. ಜಿಟಿಎ 5 ಆಡಬೇಕು ಅಂತ ಹಬ್ಬದ ದುಡ್ಡು ಕೂಡಿಟ್ಟು ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ತಂದ. ಅವನ ಗೆಳೆಯನ ಹತ್ತಿರ ಇರೋದೂ ಇಂಥದೇ ಕಂಪ್ಯೂಟರ್, ಅದೇ 2 ಜಿಬಿ ಕಾರ್ಡ್. ಅಲ್ಲಿ ಆಟ ಚೆನ್ನಾಗಿ ಓಡುತ್ತದೆ. ನಮ್ಮಲ್ಲಿ ಗಾಡಿ ತಿರುಗಿಸಿದರೆ ಸಾಕು, ಚಿತ್ರ ನಿಂತು ನಿಂತು ಬರುತ್ತದೆ. ಅಂಗಡಿಯವರು ‘ಕಾರ್ಡ್ ಸರಿ ಇದೆ, ನಿಮ್ಮ ಕಂಪ್ಯೂಟರೇ ಹಳೇದು’ ಎನ್ನುತ್ತಾರೆ. ಇನ್ನೂ ದುಡ್ಡು ಹಾಕಬೇಕಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಸದ್ಯಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ ಸಾರ್. ಗೆಳೆಯನ ಕಾರ್ಡಿನ ವಿಷಯ ಬರೆದು ಒಳ್ಳೇದು ಮಾಡಿದಿರಿ. ನನ್ನ ಅನುಮಾನ ಇರೋದೇ ಅಲ್ಲಿ.

ಮೊದಲು ಕಂಪ್ಯೂಟರಿನ ಹಿಂಭಾಗ ನೋಡಿ. ಮಾನಿಟರಿನ ಕೇಬಲ್ ಹೊಸ ಕಾರ್ಡಿಗೇ ಸಿಕ್ಕಿಸಿದೆಯಾ? ಯುಎಸ್‌ಬಿ ಪಕ್ಕದಲ್ಲಿರುವ ಹಳೆಯ ಜಾಗದಲ್ಲೇ ಉಳಿದಿದ್ದರೆ ಕಾರ್ಡ್ ಇದ್ದೂ ಇಲ್ಲದಂತೆ. ನನ್ನ ರಿಪೇರಿ ಮೇಜಿಗೆ ಹೀಗೆ ಬಂದ ಕಂಪ್ಯೂಟರುಗಳು ಬೇಕಾದಷ್ಟಿವೆ.

ಕೇಬಲ್ ಸರಿ ಇದ್ದರೆ ಕಾರ್ಡಿನ ಹಿಂದಿರುವ ಸ್ಟಿಕ್ಕರ್ ಓದಿ. ಮಾಡೆಲ್ ನಂಬರಿನ ನಡುವೆ ಡಿ4 (ಡಿಡಿಆರ್4 ಮೆಮೊರಿ) ಅಂತಲೋ ಡಿ5 (ಜಿಡಿಡಿಆರ್5 ಮೆಮೊರಿ) ಅಂತಲೋ ಇರಬಹುದು. ಕಾಣದಿದ್ದರೆ ಜಿಪಿಯು-ಝಡ್ ಅನ್ನುವ ಪುಟ್ಟ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ಮೆಮೊರಿ ಟೈಪ್, ಬ್ಯಾಂಡ್‌ವಿಡ್ತ್ (ಮೆಮೊರಿಯ ವೇಗ) ಅನ್ನೋ ಎರಡು ಸಾಲು ನೋಡಿದರೆ ಸಾಕು. ನಿಮ್ಮದರಲ್ಲಿ ಡಿಡಿಆರ್4, ಸೆಕೆಂಡಿಗೆ 16.8 ಜಿಬಿ ಅಂತ ಬರುತ್ತದೆ, ಗೆಳೆಯನದರಲ್ಲಿ ಜಿಡಿಡಿಆರ್5, 48 ಜಿಬಿ ಅಂತ ಬರುತ್ತದೆ ಎಂಬುದು ನನ್ನ ಊಹೆ.

ಜಿಟಿ 1030 ಮೊದಲು ಬಂದದ್ದು 2017ರಲ್ಲಿ, ಜಿಡಿಡಿಆರ್5 ಮೆಮೊರಿಯ ಜೊತೆ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿದ ಇನ್ನೊಂದು ಬಂತು. ಚಿಪ್ಪಿನ 384 ಕೋರ್ ಹಾಗೇ ಇವೆ, 2 ಜಿಬಿಯೂ ಹಾಗೇ ಇದೆ. ಆದರೆ ಮೆಮೊರಿಯ ವೇಗ ಸುಮಾರು ಮೂರನೇ ಒಂದಕ್ಕೆ ಇಳಿಯಿತು. ಅಡುಗೆ ಭಟ್ಟರು ಎಷ್ಟೇ ಚುರುಕಾಗಿರಲಿ, ತರಕಾರಿ ಹೆಚ್ಚಿ ಕೊಡುವವರು ನಿಧಾನ ಮಾಡಿದರೆ ಪಂಕ್ತಿಯಲ್ಲಿ ಕೂತವರು ಕಾಯಲೇಬೇಕು, ಅಲ್ವಾ? ಎಷ್ಟೋ ಆಟಗಳಲ್ಲಿ ಡಿಡಿಆರ್4 ಕಾರ್ಡ್ ಇನ್ನೊಂದರ ಅರ್ಧದಷ್ಟು ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಕೊಡುವುದೂ ಕಷ್ಟ. ಇಷ್ಟು ವ್ಯತ್ಯಾಸ ಇರುವ ಎರಡು ಕಾರ್ಡಿಗೆ ಒಂದೇ ಹೆಸರಿಟ್ಟದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಡಬ್ಬದ ಮೇಲೆ 2 ಜಿಬಿ ಅನ್ನೋದು ಎದ್ದು ಕಾಣುತ್ತದೆ, ಮೆಮೊರಿ ಯಾವುದು ಅನ್ನೋದನ್ನ ಹುಡುಕಬೇಕು. ಕೂಡಿಟ್ಟ ದುಡ್ಡು ಹಿಡಿದುಕೊಂಡು ಹೋದ ಹದಿನಾರರ ಹುಡುಗನಿಗೆ ಇದು ಹೇಗೆ ಗೊತ್ತಾಗಬೇಕು? ಅವನನ್ನು ಬೈಯಬೇಡಿ.

ಅಂಗಡಿಯವರ ಮಾತನ್ನೂ ನಾನು ಒಪ್ಪುವುದಿಲ್ಲ. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5ಕ್ಕೆ ಆಟ ಮಾಡಿದವರೇ ಸೂಚಿಸಿದ್ದು ಐ5-3470 ಪ್ರೊಸೆಸರ್, 8 ಜಿಬಿ ರ‍್ಯಾಮ್. ಅದು ಮೂರನೇ ಜನರೇಷನ್, ನಿಮ್ಮದು ಆರನೆಯದು. ಒಂದು ವಿಷಯ ಮಾತ್ರ ಮಗನನ್ನು ಕೇಳಿ. 2025ರಲ್ಲಿ ಅದೇ ಆಟದ ಹೊಸ ಆವೃತ್ತಿ ಬಂದಿದೆ. ಅದನ್ನು ಹಾಕಿಕೊಂಡಿದ್ದರೆ ಈ ಕಾರ್ಡಿಗೆ ಅದು ಭಾರ. ತೆಗೆದು ಹಳೆಯದನ್ನೇ ಹಾಕಲಿ.

ಆಟದ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ 1920×1080 ಇದ್ದರೆ 1280×720ಕ್ಕೆ ಇಳಿಸಲಿ. ಪ್ರತಿ ಫ್ರೇಮಿಗೆ ಸುಮಾರು 20.7 ಲಕ್ಷ ಪಿಕ್ಸೆಲ್ ಬಿಡಿಸುವ ಕಡೆ 9.2 ಲಕ್ಷ ಬಿಡಿಸಿದರೆ ಸಾಕಾಗುತ್ತದೆ. ಟೆಕ್ಸ್ಚರ್, ಹುಲ್ಲು, ನೆರಳು ಎಲ್ಲ ನಾರ್ಮಲ್. ಎಂಎಸ್‌ಎಎ (ಚಿತ್ರದ ಅಂಚು ನುಣುಪು ಮಾಡುವ ಸೆಟ್ಟಿಂಗ್) ಪೂರ್ತಿ ಆಫ್, ಮೆಮೊರಿಯನ್ನು ಜಾಸ್ತಿ ತಿನ್ನೋದು ಅದೇ. ಚಿತ್ರ ಸ್ವಲ್ಪ ಮಂಜಾದರೂ ಗಾಡಿ ಓಡಿಸೋಕೆ ತೊಂದರೆ ಇರದು.

ಇನ್ನು ಬಿಲ್ ತೆಗೆದು ನೋಡಿ. ಅದರಲ್ಲಿ ಜಿಡಿಡಿಆರ್5 ಅಂತ ಬರೆದು ಕೈಗೆ ಡಿಡಿಆರ್4 ಕೊಟ್ಟಿದ್ದರೆ ಬದಲಿ ಕೇಳುವುದು ನಿಮ್ಮ ಹಕ್ಕು. ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬರೀ ‘ಜಿಟಿ 1030 2ಜಿಬಿ’ ಅಂತಿದ್ದರೆ ಜಗಳ ಬೇಡ, ಮೇಲಿನ ದುಡ್ಡು ಕೊಟ್ಟು ಬದಲಾಯಿಸಿಕೊಡ್ತೀರಾ ಅಂತ ಕೇಳಿ ನೋಡಿ.

ಮುಂದೆ ಬೆಂಗಳೂರಿನ ಎಸ್.ಪಿ. ರೋಡಿನ ಕಡೆ ಹೋದಾಗ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಕಾರ್ಡ್ ಸಿಕ್ಕರೆ ವಿಚಾರಿಸಿ. 4 ಜಿಬಿ, ಮೆಮೊರಿ ವೇಗ ಕಡಿಮೆಯೆಂದರೂ ಸೆಕೆಂಡಿಗೆ 128 ಜಿಬಿ. ಆದರೆ ಆಫೀಸ್ ಕಂಪ್ಯೂಟರುಗಳ ಪವರ್ ಸಪ್ಲೈ ಚಿಕ್ಕದು, ಕಾರ್ಡಿಗೆ ಬೇರೆ ಪವರ್ ವೈರ್ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ 6 ಪಿನ್ ವೈರ್ ಬೇಡದ, 75 ವ್ಯಾಟ್ ಒಳಗಿನ ಮಾದರಿಯನ್ನೇ ಕೇಳಿ. ಕಂಪ್ಯೂಟರಿನ ಡಬ್ಬಿ ತೆಳ್ಳಗಿದ್ದರೆ ಲೋ ಪ್ರೊಫೈಲ್, ಅಂದರೆ ಎತ್ತರ ಕಡಿಮೆ ಇರುವ ಕಾರ್ಡೇ ಆಗಬೇಕು. ಕಂಪ್ಯೂಟರಿನ ಮುಚ್ಚಳ ತೆಗೆದು ಒಳಗಡೆಯದೊಂದು ಫೋಟೋ ಫೋನಿನಲ್ಲಿ ಇಟ್ಟುಕೊಂಡೇ ಹೋಗಿ.