ವೊರಿಕೊನಜೋಲ್ ಮಾತ್ರೆ: ಹೊತ್ತು, ಬಿಸಿಲು, ಜೊತೆ ಮಾತ್ರೆಗಳು

ಔಷಧ ಸಮಾಲೋಚನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಹಿಂದೆ ಟಿ.ಬಿ. ಬಂದು ವಾಸಿಯಾಗಿತ್ತು. ಈಗ ಕಫದಲ್ಲಿ ರಕ್ತ ಕಾಣಿಸಿತು. ಶ್ವಾಸಕೋಶದಲ್ಲಿ ಟಿ.ಬಿ. ಬಿಟ್ಟುಹೋದ ಪೊಳ್ಳಿನೊಳಗೆ ಆಸ್ಪರ್ಜಿಲಸ್ ಎಂಬ ಫಂಗಸ್ ಬೆಳೆದಿದೆಯಂತೆ. ವೊರಿಕೊನಜೋಲ್ 200 ಮಿ.ಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡು ಸಲ, ಆರು ತಿಂಗಳಿಗೆ ಬರೆದಿದ್ದಾರೆ. ಊಟಕ್ಕೆ ಒಂದು ಗಂಟೆ ಮುಂಚೆ ಎಂಬುದನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕೆ?
(ಓದುಗರು, ಕೆ.ಜಿ.ಎಫ್.)

ಉತ್ತರ: ಪಾಲಿಸಲೇಬೇಕು. ಜಿಡ್ಡಿನ ಊಟದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಔಷಧ ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ. ಪೊಳ್ಳಿನೊಳಗೆ ಕೂತ ಫಂಗಸ್‌ವರೆಗೆ ಔಷಧ ಮುಟ್ಟುವುದೇ ಕಷ್ಟ, ಅದರಲ್ಲೂ ಕಾಲುಭಾಗ ಕಳೆದುಕೊಳ್ಳಬಾರದು. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಊಟವಾಗಿ ಒಂದು ಗಂಟೆಯ ಮೇಲೆ, ಯಾವುದಾದರೂ ಆದೀತು. ಎರಡು ಮಾತ್ರೆಗಳ ನಡುವೆ 12 ಗಂಟೆ ಇರಲಿ. ಬೆಳಿಗ್ಗೆ 7ಕ್ಕೆ ಮಾತ್ರೆ, 8ಕ್ಕೆ ತಿಂಡಿ. ಸಂಜೆ 7ಕ್ಕೆ ಮಾತ್ರೆ, 8ಕ್ಕೆ ಮುದ್ದೆ. ಎಡವಟ್ಟಾಗುವುದು ಹೆಚ್ಚಾಗಿ ಸಂಜೆ. ಆರೂವರೆಗೆ ಕಾಫಿ ಜೊತೆ ನಾಲ್ಕು ಬೋಂಡಾ ತಿಂದು, ಅದನ್ನು ಊಟವೆಂದು ಲೆಕ್ಕಕ್ಕೇ ಇಟ್ಟುಕೊಳ್ಳದೆ ಏಳಕ್ಕೆ ಮಾತ್ರೆ ನುಂಗುತ್ತಾರೆ. ಎಣ್ಣೆಯ ಬೋಂಡಾ ಇಲ್ಲಿ ಊಟದ ಲೆಕ್ಕವೇ.

ಮೊದಲ ದಿನ ಮಾತ್ರ ಸಾಮಾನ್ಯವಾಗಿ 12 ಗಂಟೆಗೊಮ್ಮೆ 400 ಮಿ.ಗ್ರಾಂನಂತೆ ಎರಡು ಸಲ ಕೊಡುತ್ತಾರೆ, ಎರಡನೇ ದಿನದಿಂದ 200. ಇದು 40 ಕಿಲೋ ಮತ್ತು ಅದಕ್ಕಿಂತ ಹೆಚ್ಚು ತೂಕದ ವಯಸ್ಕರ ಲೆಕ್ಕ. ಅದಕ್ಕಿಂತ ಕಡಿಮೆ ತೂಕದವರಿಗೆ ಅರ್ಧ. ಟಿ.ಬಿ.ಯಿಂದ ಸೊರಗಿದ ಎಷ್ಟೋ ಜನ 40 ಕಿಲೋದ ಆಸುಪಾಸಿನಲ್ಲೇ ಇರುತ್ತಾರೆ. ತಂದೆಯವರ ತೂಕವನ್ನು ಈಚೆಗೆ ನೋಡಿದ್ದಾರೆಯೇ ಎಂದು ಕೇಳಿ.

ಕೆಮ್ಮು ಹೆಚ್ಚಾಯಿತೆಂದು ನೀವೇ ಒಂದೂವರೆ ಮಾತ್ರೆ ಕೊಡಬೇಡಿ. ಬೇರೆ ಔಷಧಗಳಂತೆ ಇದರ ಮಟ್ಟ ಮಾತ್ರೆಯ ಅಳತೆಗೆ ತಕ್ಕ ಹಾಗೆ ಏರುವುದಿಲ್ಲ. 200ರಿಂದ 300 ಮಿ.ಗ್ರಾಂಗೆ ಏರಿಸಿದರೆ ದೇಹಕ್ಕೆ ಸಿಗುವ ಔಷಧ ಸುಮಾರು ಎರಡೂವರೆ ಪಟ್ಟಾಗುತ್ತದೆ. ಇದನ್ನು ಕರಗಿಸುವ ಲಿವರ್‌ನ ಶಕ್ತಿಗೆ ಮಿತಿಯಿದೆ, ಆ ಶಕ್ತಿ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಆದ್ದರಿಂದಲೇ ಶುರುವಾಗಿ ಸುಮಾರು ಐದನೇ ದಿನ, ಮುಂದಿನ ಮಾತ್ರೆ ನುಂಗುವ ತುಸು ಮುಂಚೆ ರಕ್ತ ತೆಗೆದು ಔಷಧದ ಮಟ್ಟ ನೋಡುತ್ತಾರೆ. ಮಿ.ಲೀ.ಗೆ 1ರಿಂದ 5.5 ಮೈಕ್ರೋಗ್ರಾಂ ನಡುವೆ ಇದ್ದರೆ ಸರಿ. ಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗಿಕೊಂಡು ಲ್ಯಾಬಿಗೆ ಹೋದರೆ ಆ ಅಂಕಿ ಉಪಯೋಗಕ್ಕೆ ಬಾರದು. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಲಿ. ಲಿವರ್ ಪರೀಕ್ಷೆ ಶುರುವಿನಲ್ಲೊಮ್ಮೆ, ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ ತಿಂಗಳ ಪರೀಕ್ಷೆಗೆ ಕಾಯದೆ ಅವತ್ತೇ ತೋರಿಸಿ.

ಪ್ರಶ್ನೆ: ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಬಾವನ ಕಣ್ಣಿಗೆ ಎಲ್ಲವೂ ಬೆಳ್ಳಗೆ ಹೊಳೆದ ಹಾಗೆ ಕಾಣುತ್ತದೆ. ಬೆಳಿಗ್ಗೆ ಬೈಕಿನಲ್ಲಿ ಡೇರಿಗೆ ಹಾಲು ಹಾಕಿ, ಆಮೇಲೆ ಮಾವಿನ ತೋಟದಲ್ಲಿ ಕೆಲಸ. ಕಣ್ಣು ಹೋಗಿಬಿಡುತ್ತದೆಯೇ?
(ಓದುಗರು, ಶ್ರೀನಿವಾಸಪುರ)

ಉತ್ತರ: ಹೆದರಬೇಡಿ, ಇದು ಈ ಔಷಧದಲ್ಲಿ ತುಂಬ ಸಾಮಾನ್ಯ. ನುಂಗಿದ ಅರ್ಧ ಗಂಟೆಯೊಳಗೆ ಶುರುವಾಗಿ ಸುಮಾರು ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಬೆಳಕು ಚುಚ್ಚುತ್ತದೆ, ಬಣ್ಣ ಬದಲಾದಂತೆ ಕಾಣುತ್ತದೆ, ಅಕ್ಷರ ಮಂಜಾಗುತ್ತದೆ. ದಿನ ಕಳೆದಂತೆ ಬಹಳ ಜನರಿಗೆ ಕಡಿಮೆಯಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಬೈಕ್ ಹತ್ತುವುದು ಅಪಾಯ. ಡೇರಿಯಿಂದ ಮನೆಗೆ ಬಂದ ಮೇಲೆ ಮಾತ್ರೆ ನುಂಗಲಿ, ಸಂಜೆಯ ಮಾತ್ರೆಯನ್ನೂ ಅಷ್ಟೇ ಹಿಂದಕ್ಕೆ ಹಾಕಲಿ. ಈ ಔಷಧ ನಡೆಯುವಷ್ಟು ದಿನ ರಾತ್ರಿ ಗಾಡಿ ಓಡಿಸುವುದೇ ಬೇಡ. ಇಲ್ಲದ ಮನುಷ್ಯರು ಕಂಡರೆ, ಯಾರೂ ಆಡದ ಮಾತು ಕೇಳಿಸಿದರೆ ಅದು ಬೇರೆ ವಿಷಯ. ರಕ್ತದಲ್ಲಿ ಔಷಧ ಹೆಚ್ಚಾದಾಗ ಹೀಗಾಗಬಹುದು. ಮನೆಯವರು ಇದನ್ನು ಗಾಳಿ ಸೋಕಿದೆ ಎಂದುಕೊಂಡು ದಿನ ಕಳೆಯಬಾರದು, ವೈದ್ಯರಿಗೆ ತಿಳಿಸಿ ಔಷಧದ ಮಟ್ಟ ನೋಡಿಸಬೇಕು.

ನಮಗೆ ಕಣ್ಣಿಗಿಂತ ಹೆಚ್ಚು ಚಿಂತೆ ತೋಟದ ಬಿಸಿಲಿನದು. ಈ ಔಷಧ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ತುಟಿ ಸಿಪ್ಪೆ ಏಳುತ್ತದೆ, ಕೆನ್ನೆ, ಕತ್ತು, ಮುಂಗೈ ಕೆಂಪಾಗುತ್ತವೆ. ತಿಂಗಳುಗಟ್ಟಲೆ ಔಷಧ ನಡೆದು, ಹೀಗೆ ಸುಡುತ್ತಲೇ ಇದ್ದರೆ ಚರ್ಮದ ಕ್ಯಾನ್ಸರ್ ಆದದ್ದೂ ಉಂಟು. ತುಂಬು ತೋಳಿನ ಅಂಗಿ, ಕಿವಿ ಕತ್ತು ಮುಚ್ಚುವ ಟವೆಲ್, ಅಗಲ ಅಂಚಿನ ಟೋಪಿ ಇರಲಿ. ತೋಟದ ಕೆಲಸ ಹತ್ತು ಗಂಟೆಯೊಳಗೆ ಅಥವಾ ನಾಲ್ಕರ ಮೇಲೆ ಇಟ್ಟುಕೊಳ್ಳಲಿ.

ಪ್ರಶ್ನೆ: ಅಮ್ಮನಿಗೆ ಮೊದಲಿನಿಂದಲೂ ಶುಗರ್‌ಗೆ ಗ್ಲಿಮಿಪಿರೈಡ್, ಫಿಟ್ಸ್‌ಗೆ ಕಾರ್ಬಮಜೆಪೀನ್, ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ನಡೆಯುತ್ತಿವೆ. ಈಗ ಬೇರೆ ಆಸ್ಪತ್ರೆಯಲ್ಲಿ ವೊರಿಕೊನಜೋಲ್ ಬರೆದಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಕೊಡಬಹುದೆ?
(ಓದುಗರು, ಚಿಂತಾಮಣಿ)

ಉತ್ತರ: ಕೊಡುವ ಮೊದಲು ಇವತ್ತೇ ಆ ವೈದ್ಯರಿಗೆ ಫೋನ್ ಮಾಡಿ. ಕಾರ್ಬಮಜೆಪೀನ್ ಮತ್ತು ವೊರಿಕೊನಜೋಲ್ ಒಟ್ಟಿಗೆ ಹೋಗಲೇಬಾರದು. ಕಾರ್ಬಮಜೆಪೀನ್ ಲಿವರ್‌ನ ಕೆಲಸದ ವೇಗ ಹೆಚ್ಚಿಸುವುದರಿಂದ ಫಂಗಸ್‌ನ ಔಷಧ ರಕ್ತದಲ್ಲಿ ನಿಲ್ಲುವುದೇ ಇಲ್ಲ. ದುಬಾರಿ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿದರೂ ರೋಗ ಬೆಳೆಯುತ್ತಲೇ ಇರುತ್ತದೆ. ಹಾಗೆಂದು ಫಿಟ್ಸ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಫಿಟ್ಸ್ ಒಂದರ ಮೇಲೊಂದು ಬರಬಹುದು. ಯಾವುದನ್ನು ಬದಲಿಸಬೇಕೆಂದು ವೈದ್ಯರೇ ಹೇಳಲಿ.

ಗ್ಲಿಮಿಪಿರೈಡ್‌ನದು ಇದಕ್ಕೆ ತಿರುಗುಮುರುಗು. ವೊರಿಕೊನಜೋಲ್ ಲಿವರನ್ನು ತಡೆಯುವುದರಿಂದ ಶುಗರ್ ಮಾತ್ರೆ ರಕ್ತದಲ್ಲಿ ಏರಿ, ಸಕ್ಕರೆ ಕುಸಿಯಬಹುದು. ಬೆವರು, ಕೈನಡುಕ, ತೊದಲು ಮಾತು ಕಂಡರೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಅಟೋರ್ವಾಸ್ಟಾಟಿನ್ ಕೂಡ ಏರುತ್ತದೆ. ತೊಡೆ, ಹೆಗಲಿನ ಸ್ನಾಯು ವಿಪರೀತ ನೋಯುವುದು, ಮೂತ್ರ ಕಾಫಿ ಬಣ್ಣವಾಗುವುದು ಅದರ ಗುರುತು.

ಟಿ.ಬಿ.ಯ ರಿಫಾಂಪಿಸಿನ್ ಬಗ್ಗೆ ಎಷ್ಟು ಹೇಳಿದರೂ ಸಾಲದು. ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಔಷಧವೇ ಅದು. ಅದರ ಜೊತೆ ಕೊಟ್ಟರೆ ವೊರಿಕೊನಜೋಲ್ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಕಳೆದುಹೋಗುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಅದರ ಪ್ರಭಾವ ಸುಮಾರು ಎರಡು ವಾರ ಉಳಿಯುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್, ದಮ್ಮಿನ ಸ್ಟಿರಾಯ್ಡ್ ಇನ್‌ಹೇಲರ್, ಅಂಗಡಿಯಲ್ಲಿ ಕೇಳಿ ಕೊಳ್ಳುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ನೋವಿನ ಮಾತ್ರೆ, ಇವುಗಳ ಪ್ರಭಾವವೂ ಹೆಚ್ಚುತ್ತದೆ. ಔಷಧಗಳ ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ.

ಪ್ರಶ್ನೆ: ಎಂಟು ತಿಂಗಳಿಂದ ಈ ಮಾತ್ರೆ ನಡೆಯುತ್ತಿದೆ. ಈಗ ಪಕ್ಕೆಲುಬು, ಕೈ ಮೂಳೆಗಳಲ್ಲಿ ನೋವು. ನಮ್ಮ ಕಡೆ ಬೋರ್‌ವೆಲ್ ನೀರಿಗೆ ಇದೆಲ್ಲ ಮಾಮೂಲು ಅನ್ನುತ್ತಾರೆ.
(ಓದುಗರು, ಪಾವಗಡ)

ಉತ್ತರ: ಮಾಮೂಲೆಂದು ಬಿಡಬೇಡಿ. ವೊರಿಕೊನಜೋಲ್‌ನ ಒಂದೊಂದು ಅಣುವಿನಲ್ಲೂ ಮೂರು ಫ್ಲೋರಿನ್ ಪರಮಾಣುಗಳಿವೆ. ಬಹಳ ತಿಂಗಳು ತೆಗೆದುಕೊಂಡ ಕೆಲವರಲ್ಲಿ ಫ್ಲೋರೈಡ್ ಸೇರಿಕೊಂಡು ಮೂಳೆಯ ಮೇಲ್ಪದರ ಊದಿ ನೋಯುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿ ನೀರಿನಲ್ಲೂ ಫ್ಲೋರೈಡ್ ಇರುವುದರಿಂದ ಔಷಧದ ನೋವನ್ನು ನೀರಿನ ನೋವೆಂದು ತಿಳಿದು ಸುಮ್ಮನಾಗುವ ಅಪಾಯ ನಮ್ಮಲ್ಲಿ ಹೆಚ್ಚು. ಆಲ್ಕಲೈನ್ ಫಾಸ್ಫಟೇಸ್ ರಕ್ತಪರೀಕ್ಷೆ, ಎಕ್ಸ್‌ರೇ ಅಥವಾ ಮೂಳೆಯ ಸ್ಕ್ಯಾನ್, ಸಾಧ್ಯವಾದರೆ ರಕ್ತದ ಫ್ಲೋರೈಡ್ ಮಟ್ಟ, ಇವುಗಳ ಬಗ್ಗೆ ವೈದ್ಯರನ್ನು ಕೇಳಿ. ಔಷಧವೇ ಕಾರಣವಾಗಿದ್ದರೆ ಅವರು ಬೇರೆಯದಕ್ಕೆ ಬದಲಿಸಿದ ಮೇಲೆ ನೋವು ಇಳಿಯುತ್ತದೆ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ.

ಪ್ರಶ್ನೆ: ಮನೆಯಲ್ಲಿ ಹತ್ತು ವೊರಿಕೊನಜೋಲ್ ಮಾತ್ರೆ ಉಳಿದಿವೆ. ಮಗನ ಹುಳುಕಡ್ಡಿಗೆ ಕೊಡಬಹುದೆ?
(ಓದುಗರು, ಗುಬ್ಬಿ)

ಉತ್ತರ: ಬೇಡವೇ ಬೇಡ. ಹುಳುಕಡ್ಡಿಗೆ ಬೇರೆ ಔಷಧಗಳಿವೆ, ಚರ್ಮದ ವೈದ್ಯರಿಗೆ ತೋರಿಸಿ. ಕೊರೋನಾ ಕಾಲದಲ್ಲಿ ಕಪ್ಪು ಫಂಗಸ್ ಎಂದು ಕರೆದ ರೋಗದ ಮೇಲೂ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಆ ಹೆಸರಿನಲ್ಲೂ ತೆಗೆದಿಡಬೇಡಿ. ಅದಿರಲಿ, ಹತ್ತು ಮಾತ್ರೆ ಉಳಿದದ್ದು ಹೇಗೆ? ವೈದ್ಯರು ಹೇಳುವ ಮೊದಲೇ ನಿಲ್ಲಿಸಿದ್ದರೆ, ಅದನ್ನು ಸೇವಿಸುತ್ತಿದ್ದವರನ್ನು ಈ ವಾರವೇ ಅವರ ಬಳಿ ಕರೆದುಕೊಂಡು ಹೋಗಿ.