ಕೇಡಗಾಂವ್‌ನ ಮುಕ್ತಿ ಮಿಷನ್ ಬಗ್ಗೆ ಕೇಳಿದವರಿಗೆ

ಸೊಲ್ಲಾಪುರದಿಂದ ಪುಣೆಗೆ ಬರುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ್ ಅಂತ ಸಣ್ಣ ಸ್ಟೇಷನ್ ಸಿಗುತ್ತದೆ. ಬರದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗಾಗಿ ಪಂಡಿತಾ ರಮಾಬಾಯಿ ಅಲ್ಲಿ ಕಟ್ಟಿದ ಆಶ್ರಯವೇ ಮುಕ್ತಿ ಮಿಷನ್. ಅದಕ್ಕೂ ಕನ್ನಡದವರಿಗೂ ಏನು ಸಂಬಂಧ, ರಮಾಬಾಯಿ ಮರಾಠಿಯವರಲ್ಲವೇ, ಹಳ್ಳಿಯ ಮಿಷನರಿ ಕೆಲಸ ಎಂದರೆ ಪ್ರಚಾರವೇ ತಾನೆ ಎಂದು ಕೇಳಿದ್ದೀರಿ. ಗಡಿ ಈಚೆಯ ನಮಗೆ ಇದು ದೂರದ ಚರಿತ್ರೆಯಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮನೆಮಾತು ಮರಾಠಿ, ನಿಜ. ಆದರೆ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಜನರ ವಿರೋಧ ಎದುರಿಸಿ ಕಾಡಿನಲ್ಲಿ ಮನೆ ಮಾಡಿದವರು. ಮುಂದೆ ಆ ಮನೆಯೂ ಉಳಿಯದೆ, ಇಡೀ ಕುಟುಂಬ ಊರೂರು ತಿರುಗಿ ಪುರಾಣ ಹೇಳಿ ಹೊಟ್ಟೆ ಹೊರೆಯಿತು. ರಮಾಬಾಯಿಗೆ ಕನ್ನಡ, ಹಿಂದಿ, ಬಂಗಾಳಿ ಬಂದದ್ದು ಆ ತಿರುಗಾಟದಲ್ಲೇ. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಹಸಿವಿನಿಂದ ಸಾಯುವುದು ಎಂದರೇನು ಎಂದು ಆಕೆ ಕಣ್ಣಾರೆ ಕಂಡಿದ್ದರು. ಕೇಡಗಾಂವ್‌ನ ಕೆಲಸ ಅರ್ಥವಾಗಬೇಕಾದರೆ ಇದನ್ನು ಮೊದಲು ತಿಳಿದಿರಬೇಕು.

ಆಕೆ ಕ್ರೈಸ್ತರಾದ ವಿಷಯಕ್ಕೆ ಬರೋಣ. ಯಾರೋ ಬಂದು ಒಂದು ದಿನ ಮನಸ್ಸು ತಿರುಗಿಸಿದರು ಅನ್ನುವ ಕಥೆ ಇಲ್ಲಿ ನಿಲ್ಲುವುದಿಲ್ಲ. 1878ರಲ್ಲಿ ಅಣ್ಣ ಶ್ರೀನಿವಾಸನ ಜೊತೆ ಕಲ್ಕತ್ತೆಗೆ ಹೋದಾಗ ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಅದೇ ಊರಿನಲ್ಲಿ ಧರ್ಮಶಾಸ್ತ್ರಗಳನ್ನು ಕೂತು ಓದಿದಾಗ, ಹೆಂಗಸರ ಬಗ್ಗೆ ಮತ್ತು ಶೂದ್ರರ ಬಗ್ಗೆ ಬರೆದದ್ದು ನೋಡಿ ನಂಬಿಕೆ ಅಲುಗಾಡಿತು. ಆಮೇಲೆ ಬಿಪಿನ್ ಬಿಹಾರಿ ಮೇಧ್ವಿ ಎಂಬ ಬಂಗಾಳಿ ವಕೀಲರೊಡನೆ ಜಾತಿ ಮೀರಿದ ಮದುವೆ. ಅವರ ಮನೆಯ ಪುಸ್ತಕಗಳ ನಡುವೆ ಯೇಸುವಿನ ಕಥೆ ಹೇಳುವ ಬೈಬಲ್ ಭಾಗವಾದ ಲೂಕನ ಸುವಾರ್ತೆ ಬಂಗಾಳಿಯಲ್ಲಿ ಸಿಕ್ಕಿತು. ಹೆಂಡತಿ ಕ್ರೈಸ್ತಳಾಗುವುದು ಗಂಡನಿಗೆ ಇಷ್ಟವಿರಲಿಲ್ಲ. 1882ರಲ್ಲಿ ಗಂಡ ಕಾಲರಾದಿಂದ ತೀರಿಹೋದಾಗ ಕೈಯಲ್ಲಿ ಇದ್ದದ್ದು ಪುಟ್ಟ ಮಗಳು ಮನೋರಮಾ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. 1848ರಲ್ಲೇ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿದ್ದ ಬ್ರಾಹ್ಮಣ ಪಂಡಿತ ನೆಹೆಮಿಯಾ ಗೋರೆಯವರ ವಾದಗಳನ್ನು ಓದಿದರು. 1883ರಲ್ಲಿ ಇಂಗ್ಲೆಂಡಿಗೆ ಹೋದದ್ದು ವೈದ್ಯಕೀಯ ಕಲಿಯಲು, ಆದರೆ ಕಿವಿ ಮಂದವಾಗುತ್ತಿದ್ದ ಕಾರಣ ಅದು ಕೈಗೂಡಲಿಲ್ಲ. ಲಂಡನ್ನಿನಲ್ಲಿ ದಾರಿ ತಪ್ಪಿದವರೆಂದು ಸಮಾಜ ತಳ್ಳಿದ ಹೆಂಗಸರನ್ನು ಸನ್ಯಾಸಿನಿಯರು ಮರ್ಯಾದೆಯಿಂದ ಸಾಕುತ್ತಿದ್ದ ಮನೆ ನೋಡಿ, ಇದನ್ನು ಯಾಕೆ ಮಾಡುತ್ತೀರಿ ಎಂದು ಕೇಳಿದರು. ಉತ್ತರವಾಗಿ ಅವರು ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಸಮಾರ್ಯದ ಹೆಂಗಸನ್ನು ಮರ್ಯಾದೆಯಿಂದ ಮಾತನಾಡಿಸುವ ಪ್ರಸಂಗ ಓದಿ ಹೇಳಿದರು. ಅದು ನಾಟಿತು. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್ ಊರಿನಲ್ಲಿ ತಾಯಿ, ಮಗಳು ಇಬ್ಬರಿಗೂ ದೀಕ್ಷಾಸ್ನಾನವಾಯಿತು.

ನೀರು ಬಿದ್ದ ಮಾತ್ರಕ್ಕೆ ಪ್ರಶ್ನೆಗಳು ನಿಲ್ಲಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ತ್ರಿಯೇಕತ್ವದ ಬಗ್ಗೆ ತನಗೆ ಕಲಿಸಿದ ಸನ್ಯಾಸಿನಿಯರ ಜೊತೆಯೇ ಪತ್ರಗಳಲ್ಲಿ ವಾದಕ್ಕಿಳಿದರು. ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಯಾಕೆ, ಸಂಸ್ಕೃತ ಇರಲಿ ಎಂದರು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಮುಂದೆ 1907ರಲ್ಲಿ ತಮ್ಮ ನಂಬಿಕೆಯ ಬಗ್ಗೆ ಬರೆದ ಸಾಕ್ಷಿಯಲ್ಲಿ, ಕ್ರೈಸ್ತ ಧರ್ಮ ಸಿಕ್ಕಿ ಎಷ್ಟೋ ವರ್ಷವಾದ ಮೇಲಷ್ಟೇ ಕ್ರಿಸ್ತನು ಸಿಕ್ಕಿದನು ಎಂಬರ್ಥದಲ್ಲಿ ಆಕೆಯೇ ಹೇಳಿಕೊಂಡಿದ್ದಾರೆ. ನಮ್ಮ ಸಭೆಗಳಲ್ಲಿ ದೊಡ್ಡವರಿಗೆ ದೀಕ್ಷಾಸ್ನಾನ ಕೊಡುವ ಮುಂಚೆ ಪಾಠಕ್ಕೆ ಕೂರಿಸುತ್ತಾರಲ್ಲ, ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ, ಹತ್ತು ಆಜ್ಞೆ ಎಂದು, ಅದನ್ನು ಅವಸರದಲ್ಲಿ ಮುಗಿಸುವ ಅಯ್ಯನವರು (ಪಾದ್ರಿಗಳು) ರಮಾಬಾಯಿಯ ಈ ಭಾಗವನ್ನು ಓದಬೇಕು.

ದೇಶಕ್ಕೆ ಮರಳಿ 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ತೆರೆದರು. ವಿಧವೆಯರಿಗೆ ಊಟ, ವಸತಿ, ಓದು. ಮರು ವರ್ಷ ಅದು ಪುಣೆಗೆ ಬಂತು. ಸಮಾಜ ಸುಧಾರಕ ಧೊಂಡೋ ಕೇಶವ ಕರ್ವೆಯವರು 1893ರಲ್ಲಿ ಮದುವೆಯಾದ ಗೋದೂಬಾಯಿ ಈ ಸದನದಲ್ಲಿ ಓದಿದವರೇ. ಅದೇ ವರ್ಷ ಜಗಳವೂ ಎದ್ದಿತು. ಸದನ ಯಾವ ಮತಕ್ಕೂ ಸೇರದ್ದು ಎಂದು ಮಾತು ಕೊಟ್ಟು, ರಮಾಬಾಯಿಯ ಪ್ರಾರ್ಥನೆಗೆ ಹುಡುಗಿಯರು ಬಂದು ಕೂರುವುದು ಸರಿಯೇ ಎಂಬುದು ಆಕ್ಷೇಪ. ಸುಧಾರಕರಾದ ರಾನಡೆ, ಭಂಡಾರ್ಕರ್ ಸದನದ ಸಲಹಾ ಮಂಡಳಿ ಬಿಟ್ಟರು. ನನ್ನ ಕೋಣೆಯ ಬಾಗಿಲು ತೆರೆದಿರುತ್ತದೆ, ಬರುವವರನ್ನು ಕರೆಯುವುದೂ ಇಲ್ಲ, ತಡೆಯುವುದೂ ಇಲ್ಲ ಎಂಬುದು ಆಕೆಯ ನಿಲುವು. ಮಕ್ಕಳನ್ನು ನಂಬಿ ಕಳಿಸಿದ ಮನೆಯವರ ಆತಂಕ ಸುಳ್ಳಲ್ಲ. ಆದರೆ ಅನ್ನಕ್ಕೆ ಬದಲಾಗಿ ಮತಾಂತರ ಕೇಳಿದರು ಎಂಬ ಆರೋಪಕ್ಕೆ ಆಧಾರ ಕಾಣುವುದಿಲ್ಲ.

ಕೇಡಗಾಂವ್‌ನ ಜಮೀನು ಮೊದಲು ಕೊಂಡದ್ದು ಮಿಷನ್ ಕಟ್ಟಲು ಅಲ್ಲ. ಅಮೆರಿಕದ ಹಿತೈಷಿಗಳು ಹತ್ತು ವರ್ಷದ ಮಟ್ಟಿಗೆ ದುಡ್ಡು ಕೊಡಲು ಒಪ್ಪಿದ್ದರು. ಅದು ಮುಗಿದ ಮೇಲೆ ಗತಿಯೇನು ಎಂದು, ಹಣ್ಣಿನ ತೋಟ ಮಾಡಿ ಸ್ವಂತ ಆದಾಯ ಹುಟ್ಟಿಸಲು ಸುಮಾರು 100 ಎಕರೆ ತೆಗೆದುಕೊಂಡರು. ಅಷ್ಟರಲ್ಲಿ 1896-97ರ ಬರ ಬಂತು. ರಮಾಬಾಯಿ ತಾವೇ ಮಧ್ಯ ಪ್ರಾಂತ್ಯಕ್ಕೆ ಹೋಗಿ ಅನಾಥ ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಕಟ್ಟಳೆಗಳಿಂದ ಒಂದೇ ಮನೆಯಲ್ಲಿ ಅಷ್ಟು ಜನ ಇರುವಂತಿರಲಿಲ್ಲ. ಹಾಗಾಗಿ ತೋಟದ ಜಾಗದಲ್ಲಿ ಗುಡಾರ, ಗುಡಿಸಲು ಎದ್ದವು. ಅದೇ ಮುಕ್ತಿ ಮಿಷನ್ ಆಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನ.

ಆ ಸಂಖ್ಯೆ ಎಂದರೇನು, ಲೆಕ್ಕ ಹಾಕಿ ನೋಡಿ. ತಲೆಗೆ ದಿನಕ್ಕೆ ಅರ್ಧ ಕಿಲೋ ಜೋಳ ಹಿಡಿದರೂ ದಿನಕ್ಕೆ ಏಳೂವರೆ ಕ್ವಿಂಟಲ್. ಅದನ್ನು ಬೀಸಬೇಕು, ತಟ್ಟಬೇಕು, ಸುಡಲು ಕಟ್ಟಿಗೆ ಬೇಕು. ಕುಡಿಯಲು, ಅಡಿಗೆಗೆ, ಮೈ ತೊಳೆಯಲು ಬಹಳ ಬಿಗಿಹಿಡಿದು ತಲೆಗೆ 15 ಲೀಟರ್ ಎಂದರೂ 22,500 ಲೀಟರ್ ನೀರು. ಎತ್ತು ಕಟ್ಟಿದ ಕಪಿಲೆ ಒಂದು ಸಲಕ್ಕೆ 150 ಲೀಟರ್ ಎತ್ತಿದರೆ ದಿನಾ 150 ಸಲ ಏರಿಳಿಯಬೇಕು. ಅದೂ ದೌಂಡ್ ಸೀಮೆಯಲ್ಲಿ! ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನೆಲ ಅದು. ಮೇಲೆ ಕರಿಮಣ್ಣು, ಕೆಳಗೆ ಗರಸು (ಸಡಿಲ ಕಲ್ಲುಮಣ್ಣು), ಅದರಡಿ ಕರಿಕಲ್ಲು. ನೀರು ಇರುವುದು ಗರಸಿನಲ್ಲಿ ಮತ್ತು ಕಲ್ಲಿನ ಬಿರುಕಿನಲ್ಲಿ. ಬಿರುಕು ಸಿಗದಿದ್ದರೆ ಮದ್ದು ಹಾಕಿ ಎಷ್ಟು ಆಳ ಒಡೆದರೂ ಬಾವಿ ಒಣಗಿಯೇ ಇರುತ್ತದೆ. ವಿಜಯಪುರ, ಕಲಬುರಗಿ ಕಡೆ ಬಾವಿ ತೋಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಅಲ್ಲಿ ಕಾಲುವೆ ನೀರು, ಕಬ್ಬು, ಆಲೆಮನೆ ನೋಡಿ, ಆಗಲೂ ಹೀಗೇ ಇತ್ತು ಎಂದುಕೊಳ್ಳಬೇಡಿ.

ಬರದಿಂದ ಬಂದ ಮಗುವಿಗೆ ಹೊಟ್ಟೆ ತುಂಬ ರೊಟ್ಟಿ ಕೊಟ್ಟರೆ ಅದು ಸಾಯಬಹುದು. ವಾರಗಟ್ಟಲೆ ಉಪವಾಸವಿದ್ದ ಮೈ ಒಮ್ಮೆಗೇ ಬಂದ ಊಟವನ್ನು ತಾಳುವುದಿಲ್ಲ, ರಕ್ತದ ಲವಣಗಳು ಏರುಪೇರಾಗಿ ಹೃದಯ ನಿಲ್ಲುತ್ತದೆ. ತೆಳ್ಳನೆ ಗಂಜಿ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ, ಭೇದಿ ನಿಂತ ಮೇಲಷ್ಟೇ ಗಟ್ಟಿ ಆಹಾರ. ಅಳುವ ಮಗುವಿಗೆ ಇನ್ನೊಂದು ಬಟ್ಟಲು ಕೊಡದೆ ಇರುವುದೇ ಆ ಕೆಲಸದ ಕಠಿಣ ಭಾಗ. ಹುರುಕು, ಹೇನು, ಕಣ್ಣುಬೇನೆ ಇರುವವರನ್ನು ಬೇರೆ ಇಡಬೇಕು, ಇಲ್ಲದಿದ್ದರೆ ಇಡೀ ಗುಡಾರಕ್ಕೆ ಹರಡುತ್ತದೆ. ಹಳ್ಳಿಯ ಮಿಷನರಿ ಬದುಕಿನ ಬಹುಪಾಲು ಹೊತ್ತು ಹೋಗುವುದು ಇಂಥವುಗಳಲ್ಲಿ. ಸಭೆಯ ಉಪದೇಶಕ್ಕೆ ಭಾನುವಾರ ಒಂದು ತಾಸು.

ಚೇತರಿಸಿಕೊಂಡವರಿಗೆ ಕೆಲಸ ಕಲಿಸಿದರು: ನೇಯ್ಗೆ, ಎಣ್ಣೆ ಗಾಣ, ಹೈನು, ಹೊಲಿಗೆ. ಕುರುಡು ಹೆಂಗಸರಿಗೆ ಬ್ರೈಲ್. ಎಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅಚ್ಚುಕೂಟ. ದೇವನಾಗರಿ ಅಚ್ಚಿಗೆ ಒತ್ತಕ್ಷರ, ಮಾತ್ರೆ ಸೇರಿ ನೂರಾರು ಬಗೆಯ ಮೊಳೆ, ಎಂದರೆ ಅಕ್ಷರ ಎರಕ ಹೊಯ್ದ ಲೋಹದ ತುಂಡು ಬೇಕು. ಮೊಳೆ ಜೋಡಿಸುವ ಹುಡುಗಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಓದಬೇಕು, ಸಾಲು ಬಿಗಿ ಮಾಡಬೇಕು, ಕರಡು ತೆಗೆದು ತಿದ್ದಬೇಕು, ಅಚ್ಚಾದ ಮೇಲೆ ಪ್ರತಿ ಮೊಳೆಯನ್ನೂ ಅದರದೇ ಮನೆಗೆ ವಾಪಸ್ ಹಾಕಬೇಕು. ಒಂದು ತಪ್ಪು ಮನೆಗೆ ಬಿದ್ದರೆ ಮುಂದಿನ ಪುಟದಲ್ಲಿ ತಪ್ಪಕ್ಷರ ಎದ್ದು ನಿಲ್ಲುತ್ತದೆ. ಬರದಲ್ಲಿ ಸಿಕ್ಕ, ಅಕ್ಷರವೇ ಗೊತ್ತಿರದ ಹುಡುಗಿಯರು ಈ ಕೆಲಸ ಮಾಡಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಬೈಬಲ್ ಅನುವಾದಿಸಿದರು. ಅಚ್ಚಾದದ್ದು ಅಲ್ಲೇ. 1922ರ ಏಪ್ರಿಲ್ 5ರಂದು ಆಕೆ ತೀರಿಕೊಂಡರು.

ಕನ್ನಡದ ನಂಟು ಗಂಗಾಮೂಲಕ್ಕೇ ಮುಗಿಯಲಿಲ್ಲ. 1912ರಲ್ಲಿ ಗುಲ್ಬರ್ಗಾದಲ್ಲಿ ಶಾಲೆ ತೆರೆದರು, ಮಗಳು ಮನೋರಮಾ ಅದರ ಮುಖ್ಯಸ್ಥೆ. ಅದು ನಿಜಾಮರ ಸೀಮೆ, ಆದರೆ ಕೇಡಗಾಂವ್‌ನಲ್ಲಿ ರೈಲು ಹತ್ತಿದರೆ ಸೊಲ್ಲಾಪುರದ ಮೇಲೆ ಅದೇ ಹಳಿ ಗುಲ್ಬರ್ಗಾಕ್ಕೆ ಮುಟ್ಟಿಸುತ್ತದೆ. ಇವತ್ತು ಬೀದರ್, ಕಲಬುರಗಿಯ ಮೆಥಡಿಸ್ಟ್ ಕುಟುಂಬಗಳು ಕೆಲಸಕ್ಕಾಗಿ ಪುಣೆಗೆ ಬರುವುದೂ ಇದೇ ಹಳಿಯ ಮೇಲೆ. ಅಜ್ಜಿ ಓದುವುದು ಕನ್ನಡ ಬೈಬಲ್, ಇಲ್ಲೇ ಶಾಲೆ ಕಲಿತ ಮೊಮ್ಮಗಳ ಕೈಯಲ್ಲಿ ಮರಾಠಿಯದು. ಒಂದೇ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಎರಡು ಭಾಷೆಯಲ್ಲಿ ನಡೆಯುವುದು ಗಡಿನಾಡಿನವರಿಗೆ ಸಹಜ.

ನೋಡಲು ಹೋಗುವುದಾದರೆ ಎರಡು ಮಾತು. ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಬಳಿಯೂ ಒಂದು ಕೇಡಗಾಂವ್ ಇದೆ, ಟಿಕೆಟ್ ತೆಗೆಯುವಾಗ ದೌಂಡ್ ತಾಲ್ಲೂಕಿನದು ಎಂದು ಖಚಿತ ಮಾಡಿಕೊಳ್ಳಿ. ಹೆಚ್ಚಿನ ಎಕ್ಸ್‌ಪ್ರೆಸ್‌ಗಳು ಅಲ್ಲಿ ನಿಲ್ಲುವುದಿಲ್ಲ. ಪುಣೆಯಿಂದ ದೌಂಡ್ ಲೋಕಲ್ ಹಿಡಿದರೆ ಉರುಳಿ, ಯವತ್, ಖುಟಬಾವ್ ಆದ ಮೇಲೆ ಇಳಿಯಬೇಕು. ಸೊಲ್ಲಾಪುರ ಕಡೆಯಿಂದ ಬರುವವರು ದೌಂಡ್‌ನಲ್ಲಿ ಇಳಿದು ಲೋಕಲ್ ಹತ್ತುವುದು ಸುಲಭ. ಮಿಷನ್ ಈಗಲೂ ಹೆಂಗಸರು, ಮಕ್ಕಳು ವಾಸವಿರುವ ಜಾಗ. ಮೊದಲೇ ತಿಳಿಸಿ, ಒಪ್ಪಿಗೆ ಪಡೆದು ಹೋಗಿ, ಮಕ್ಕಳ ಫೋಟೋ ತೆಗೆಯಬೇಡಿ.